ಕೆರೆಗೆ ಬಾಟಲಿ ಅದ್ದಿದವರು ಯಾರು?

ಹೊಂಗಡಹಳ್ಳ
19 ಜುಲೈ 2024

ಕೃತಿಕಾ ಮೇಡಂ ಅವರಿಗೆ,

ಕ್ಷೇಮವೇ ಎಂದು ಕೇಳಿ ಪತ್ರ ಶುರು ಮಾಡುವಷ್ಟು ಒಳ್ಳೆಯ ಮನಸ್ಸು ಇವತ್ತು ನನಗಿಲ್ಲ. ನಾನು ಯಾರೆಂದು ಮರೆತಿದ್ದರೆ ನೆನಪಿಸುತ್ತೇನೆ. ಹೊಂಗಡಹಳ್ಳದ ಗಂಗಾಮಣಿ. ನಾಲ್ಕೂವರೆ ಎಕರೆ ಕಾಫಿ, ಅದರ ತಗ್ಗಿನಲ್ಲಿ ನಾಲ್ಕು ಗುಂಟೆಯ ಒಂದು ಕೆರೆ. ನಿಮ್ಮ ಸಂಶೋಧನಾ ಕೇಂದ್ರದವರು ಬೆಟ್ಟಸೀಮೆಯಲ್ಲಿ ಮೀನು ಸಾಕಿಸುವ ಯೋಜನೆಗೆ ಈ ಕಡೆಯಿಂದ ಮೊದಲು ಆರಿಸಿದ ಕೆರೆ ಅದು. ಜೂನ್ ಹತ್ತನೇ ತಾರೀಕು ನೀವೇ ವ್ಯಾನಿನಲ್ಲಿ ಮರಿ ತಂದು ಬಿಟ್ಟಿರಿ. ನಾಲ್ಕನೇ ದಿನಕ್ಕೆ ಅಷ್ಟೂ ಮರಿ ಹೊಟ್ಟೆ ಮೇಲಾಗಿ ತೇಲಿದವು.

ಮರಿ ಸತ್ತದ್ದಕ್ಕೆ ಈ ಪತ್ರವಲ್ಲ. ನಿನ್ನೆ ಪಂಚಾಯಿತಿ ಆಫೀಸಿನಲ್ಲಿ ನಿಮ್ಮ ವರದಿಯನ್ನು ಎಲ್ಲರೆದುರು ಓದಿದರು. ಹದಿನೇಳನೇ ಪುಟದಲ್ಲಿ ಒಂದು ಸಾಲು ಇದೆ: "ರೈತ ಮಹಿಳೆಯ ನಿರ್ಲಕ್ಷ್ಯದಿಂದ ಮರಿಗಳು ಪೂರ್ತಿ ನಾಶವಾದವು. ಈ ಭಾಗವು ಮುಂದಿನ ಹಂತಕ್ಕೆ ಸೂಕ್ತವಲ್ಲ."

ನಿರ್ಲಕ್ಷ್ಯ! ನೀರುಕಾಗೆ ಬಾರದಂತೆ ಕೆರೆಯ ಮೇಲೆ ಬಲೆ ಕಟ್ಟಿದವಳು ನಾನು. ತೌಡು, ಕಡಲೆಕಾಯಿ ಹಿಂಡಿ ನೆನೆಹಾಕಿ ನಿಮ್ಮ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಹಾಕಿದವಳು ನಾನು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಕೆರೆ ನೋಡಿ ಬರುತ್ತಿದ್ದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲು ಎಣಿಸಬಹುದಿತ್ತು. ಅಂಥ ನೀರಿನಲ್ಲಿ ಸತ್ತವೆಂದರೆ ತಪ್ಪು ನಿಮ್ಮ ಮರಿಯಲ್ಲಿ, ನನ್ನಲ್ಲಲ್ಲ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ನಮ್ಮದು ಲಿಂಗ ಕಟ್ಟಿದ ಮನೆ. ಮೀನು ತಿನ್ನುವುದಿರಲಿ, ಮುಟ್ಟಿದವರೂ ಇರಲಿಲ್ಲ. ನಮ್ಮ ಅತ್ತೆ ಬಸಮ್ಮನವರು, "ತಿನ್ನಾಕಿಲ್ದ ಮ್ಯಾಲೆ ಸಾಕೋದ್ಯಾಕಮ್ಮಿ? ಜೀವ ಮಾರ್ಕಂಡು ಬದುಕೋ ಗತಿ ಬಂದೈತಾ ನಮಗೆ?" ಎಂದು ಮೂರು ತಿಂಗಳು ಹಟ ಹಿಡಿದಿದ್ದರು. ಸರ್ಕಾರದ ಕೆಲಸ, ವಿಜ್ಞಾನಿಗಳೇ ಬಂದು ನಿಂತು ಮಾಡಿಸುತ್ತಾರೆ ಎಂದು ಹೇಳಿ ಒಪ್ಪಿಸಿದ್ದೆ. ಈಗ ಅವರು ನನ್ನನ್ನು ಒಂದು ಮಾತೂ ಬೈಯುತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಕೆರೆ ನೋಡಿ ಇನ್ನೂ ಹನ್ನೊಂದು ಮನೆಯವರು ಅರ್ಜಿ ಹಾಕಿದ್ದರು. ನಿಮ್ಮ ಒಂದು ಸಾಲಿನಿಂದ ಹನ್ನೊಂದೂ ವಜಾ ಆಗಿವೆ. ಆ ಮನೆಯವರು ಈಗ ರಸ್ತೆಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆ.

ಆ ಸಾಲು ತೆಗೆಯಿರಿ. ನನಗೆ ಬೇಕಾದದ್ದು ಅಷ್ಟೇ.

ಫೋನ್ ಯಾಕೆ ಮಾಡಲಿಲ್ಲ ಎನ್ನಬೇಡಿ. ನಮ್ಮಪ್ಪ ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವರು. ಬಾಯಿಮಾತಿಗೆ ಸಾಕ್ಷಿಯಿಲ್ಲ, ಕಾಗದ ಬರೆದು ಇನ್‌ವರ್ಡ್ ನಂಬರ್ ತಗೋ ಎಂದು ಕಲಿಸಿದ್ದಾರೆ.

ಗಂಗಾಮಣಿ


ಸಂಶೋಧನಾ ಕೇಂದ್ರ
2 ಆಗಸ್ಟ್ 2024

ಶ್ರೀಮತಿ ಗಂಗಾಮಣಿಯವರಿಗೆ,

ತಮ್ಮ ಪತ್ರ ತಲುಪಿದೆ. ತಮಗಾದ ಬೇಸರಕ್ಕೆ ಕೇಂದ್ರವು ವಿಷಾದಿಸುತ್ತದೆ.

ಅದೇ ದಿನ, ಅದೇ ತಂಡದ ಕಾಟ್ಲಾ ಮತ್ತು ಗೆಂಡೆ ಮರಿಗಳನ್ನು ಆಲೂರು ಕಡೆಯ ಎರಡು ಕೆರೆಗಳಿಗೂ ಬಿಡಲಾಗಿತ್ತು. ಅಲ್ಲಿ ಮರಿಗಳು ಚೆನ್ನಾಗಿ ಬೆಳೆಯುತ್ತಿವೆ. ಆದ್ದರಿಂದ ಮರಿಗಳಲ್ಲಿ ದೋಷವಿರಲಿಲ್ಲ. ಮರಿ ಬಿತ್ತನೆಗೆ ಮುಂಚಿನ ನೀರಿನ ಪರೀಕ್ಷೆಯೂ ತೃಪ್ತಿಕರವಾಗಿತ್ತು. ಮರಿ ಸರಿ, ನೀರು ಸರಿ ಎಂದಮೇಲೆ ಉಳಿಯುವುದು ಪಾಲನೆಯ ಲೋಪ ಮಾತ್ರ. ವರದಿಯು ಈಗಾಗಲೇ ಮೇಲಿನ ಕಚೇರಿಗೆ ಹೋಗಿರುವುದರಿಂದ ತಿದ್ದಲು ಅವಕಾಶವಿಲ್ಲ.

ತಮ್ಮ ಸಹಕಾರಕ್ಕೆ ವಂದನೆಗಳು.

ಕೃತಿಕಾ
ಸಂಶೋಧನಾ ಸಹಾಯಕಿ


ಹೊಂಗಡಹಳ್ಳ
11 ಆಗಸ್ಟ್ 2024

ಮೇಡಂ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಿಮ್ಮ ಪತ್ರ ಓದಿದ ಮೇಲೆ ಆ ಎಮ್ಮೆಯ ಕಷ್ಟ ಏನೆಂದು ತಿಳಿಯಿತು.

"ನೀರಿನ ಪರೀಕ್ಷೆ ತೃಪ್ತಿಕರ" ಎಂದು ಬರೆದಿದ್ದೀರಿ. ಸಂತೋಷ. ಯಾವ ದಿನ ಮಾಡಿದಿರಿ? ನನ್ನ ಕೆರೆಗೆ ಬಾಟಲಿ ಅದ್ದಿದವರು ಯಾರು?

ಜೂನ್ ಹತ್ತರಂದು ಏನಾಯಿತೆಂದು ನಾನು ಹೇಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆಂದ ನೀವು ಬಂದಾಗ ಸಂಜೆ ಐದಾಗಿತ್ತು. ಮಾರನಹಳ್ಳಿಯಲ್ಲಿ ಲಾರಿ ಅಡ್ಡ ನಿಂತು ಘಾಟಿ ಜಾಮ್ ಆಗಿತ್ತಂತೆ. ಮರಿಯ ಚೀಲಗಳನ್ನು ಇಪ್ಪತ್ತು ನಿಮಿಷ ಕೆರೆಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರಿಗೂ ಹೊರಗಿನ ನೀರಿಗೂ ಹದ ಕೂಡಿದ ಮೇಲೆ ಬಾಯಿ ಬಿಚ್ಚಬೇಕು ಎಂದು ತರಬೇತಿಯಲ್ಲಿ ಹೇಳಿದವರು ನೀವೇ. ಅವತ್ತು ಐದು ನಿಮಿಷಕ್ಕೇ ಬಿಚ್ಚಿದಿರಿ. ನನ್ನ ಕೈಗೆ ಒಂದು ಚೀಲ ಕೊಟ್ಟು ಫೋಟೊ ತೆಗೆಸಿಕೊಂಡಿರಿ. ಫೋಟೊಗೆ ನಗಿ ಎಂದಿರಿ, ನಕ್ಕೆ. ಬಾಟಲಿ ಮಾತ್ರ ನಾನು ಕಾಣಲಿಲ್ಲ.

ಪರೀಕ್ಷೆಯ ಹಾಳೆಯ ನಕಲು ಕಳಿಸಿ. ಕಳಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೆಂದು ಆಗ ಗೊತ್ತಾಗುತ್ತದೆ.

ಗಂಗಾಮಣಿ


ಸಂಶೋಧನಾ ಕೇಂದ್ರ
30 ಆಗಸ್ಟ್ 2024

ಗಂಗಾಮಣಿಯವರಿಗೆ,

ಇದು ಕಚೇರಿಯ ಪತ್ರವಲ್ಲ. ನನ್ನ ಕೈಯಿಂದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪತ್ರವನ್ನು ಮತ್ತೆ ಓದಿದೆ. ತಳದ ಕಲ್ಲು ಎಣಿಸುವಷ್ಟು ತಿಳಿನೀರು ಎಂದು ಬರೆದಿದ್ದೀರಿ. ನೀವು ಅದನ್ನು ಹೆಮ್ಮೆಯಿಂದ ಬರೆದಿದ್ದೀರಿ, ನಾನು ಓದಿ ಬೆಚ್ಚಿದೆ. ಮೀನಿನ ಕೆರೆ ತಿಳಿಯಾಗಿರಬಾರದು. ತುಸು ಹಸಿರು ಇರಬೇಕು. ಆ ಹಸಿರೇ ಮರಿಗಳ ಮೊದಲ ಆಹಾರ. ತರಬೇತಿಯಲ್ಲಿ ಹೇಳಿದಂತೆ ಮೊದಲೇ ಸಗಣಿ ಹಾಕಿದ ಕೆರೆಯ ನೀರು ಜೂನ್ ತಿಂಗಳಲ್ಲಿ ಕನ್ನಡಿಯಂತಿತ್ತೆಂದರೆ, ಆ ಹಸಿರನ್ನು ಏನೋ ಕೊಂದಿದೆ.

ಮರಿ ಬಿಡುವುದಕ್ಕೆ ಮೊದಲಿನ ಒಂದು ವಾರ ಕೆರೆಯ ಸುತ್ತ ಯಾವ ಕೆಲಸ ನಡೆದಿತ್ತು? ದಡದಲ್ಲಿ ಸತ್ತ ಬಸವನಹುಳು ಕಂಡಿದ್ದಿರಾ? ದಯವಿಟ್ಟು ನೆನಪಿಸಿಕೊಂಡು ಏನನ್ನೂ ಬಿಡದೆ ಬರೆಯಿರಿ.

ಕೃತಿಕಾ


ಹೊಂಗಡಹಳ್ಳ
9 ಸೆಪ್ಟೆಂಬರ್ 2024

ಮೇಡಂ,

ನಾನು ಕೇಳಿದ್ದು ಹಾಳೆ. ನೀವು ಕಳಿಸಿದ್ದು ಪ್ರಶ್ನೆ.

ಜೂನ್ ಮೊದಲ ವಾರ ಕಾಫಿ ತೋಟದಲ್ಲಿ ಏನು ಕೆಲಸ ಇರುತ್ತದೋ ಅದೇ ಇತ್ತು. ಅದನ್ನು ತಿಳಿಯದವರು ಬೆಟ್ಟಸೀಮೆಗೆ ಯೋಜನೆ ಬರೆಯಲು ಯಾಕೆ ಬಂದಿರಿ? ಬಸವನಹುಳು ಸತ್ತಿದ್ದವೋ ಬದುಕಿದ್ದವೋ ನಾನು ನೋಡಲಿಲ್ಲ. ಹುಳು ಎಣಿಸುವುದು ನಿಮ್ಮ ಕೆಲಸ.

ಬಾಟಲಿಯ ಮಾತಿಗೆ ಉತ್ತರ ಬರಲಿಲ್ಲ. ಕಾಯುತ್ತಿದ್ದೇನೆ.

ಗಂಗಾಮಣಿ


ಹೊಂಗಡಹಳ್ಳ
12 ಅಕ್ಟೋಬರ್ 2024

ಕೃತಿಕಾ ಮೇಡಂ ಅವರಿಗೆ,

ಹೋದ ತಿಂಗಳ ಪತ್ರದಲ್ಲಿ ನಾನು ಸುಳ್ಳು ಹೇಳಿದೆ. ಬಸವನಹುಳು ಸತ್ತಿದ್ದವು. ಜೂನ್ ಒಂಬತ್ತರಂದೇ ದಡದ ಉದ್ದಕ್ಕೂ ಬಿದ್ದಿದ್ದವು. ಮರುದಿನ ನೀವೆಲ್ಲ ಬರುತ್ತೀರಿ, ನೋಡಲು ಅಸಹ್ಯ ಎಂದು ಪೊರಕೆಯಿಂದ ಗುಡಿಸಿ ಮಣ್ಣು ಮುಚ್ಚಿದ್ದೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ಅದು ನೆನಪಾಯಿತು. ಆದರೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಮಳೆ ಬಿಟ್ಟಮೇಲೆ ಈ ತಿಂಗಳ ಮೂರನೇ ತಾರೀಕು ತೋಟಕ್ಕೆ ಮತ್ತೆ ಬೋರ್ಡೊ ಹೊಡೆಸಿದೆವು. ಮೈಲುತುತ್ತ, ಸುಣ್ಣ ಕಲಸಿ ಗಿಡಕ್ಕೆ ಸಿಂಪಡಿಸುವ ಔಷಧಿ. ಅದಿಲ್ಲದಿದ್ದರೆ ಅರೇಬಿಕಾ ಎಲೆಯೆಲ್ಲ ತುಕ್ಕು ಹಿಡಿದು ಉದುರುತ್ತದೆ. ಮಳೆಗಾಲಕ್ಕೆ ಮೊದಲೊಂದು ಸಲ, ಆಮೇಲೊಂದು ಸಲ. ನಮ್ಮಲ್ಲಿ ಮೊದಲಿನಿಂದಲೂ ಅದನ್ನು ಕಲಸುವುದು ಕೆರೆಯ ಏರಿಯ ಮೇಲೆ. ನೀರು ಅಲ್ಲೇ ಇರುತ್ತದಲ್ಲ.

ಈ ಸಲ ನಾನು ಏರಿಯ ಮೇಲೆ ಕೂತು ನೋಡಿದೆ. ಸಂಜೆ ನಮ್ಮ ತೋಟದ ಆಳು ಪುಟ್ಟಸ್ವಾಮಿ ಡ್ರಮ್ಮಿನಲ್ಲಿ ಉಳಿದಿದ್ದ ನೀಲಿ ಗಸಿಯನ್ನು ಕೆರೆಗೆ ಬಗ್ಗಿಸಿ, ಎರಡು ಸಲ ನೀರು ತುಂಬಿ ಕುಲುಕಿ ತೊಳೆದ. ಒಂದಲ್ಲ, ಮೂರು ಡ್ರಮ್ಮು. ನಾನು ಕೂಗಿಕೊಂಡೆ. ಅವನಿಗೆ ಆಶ್ಚರ್ಯ.

"ಇಪ್ಪತ್ತು ವರ್ಸದಿಂದ ಇಲ್ಲೇ ತೊಳೀತಿರೋದು ಕಣಕ್ಕ. ಮುಂಗಾರಿಗೂ ಇಲ್ಲೇ ತೊಳ್ದೆ. ನೀವೇ ಯೋಳಿದ್ರಲ್ಲ, ಹಳ್ಳದಿಂದ ನೀರು ಯಾಕೆ ಹೊರ್ತೀರಾ, ಕೆರೆ ಪಕ್ದಲ್ಲೇ ಮುಗ್ಸಿ ಅಂತ."

ಹೌದು, ನಾನೇ ಹೇಳಿದ್ದೆ. ಜೂನ್ ಐದರಿಂದ ಏಳರವರೆಗೆ ಮೂರು ದಿನ ಅಲ್ಲೇ ಕಲಸಿ ಅಲ್ಲೇ ತೊಳೆದಿದ್ದರು. ಮೂರು ದಿನ ಬಿಟ್ಟು ನೀವು ಮರಿ ತಂದಿರಿ. ಕೆರೆಯಲ್ಲಿ ಮೀನಿಲ್ಲದಾಗ ಈ ಪದ್ಧತಿಯಿಂದ ಯಾರಿಗೂ ಏನೂ ಆಗಿರಲಿಲ್ಲ, ಅಥವಾ ಆಗಿದ್ದನ್ನು ನಾವು ನೋಡಿರಲಿಲ್ಲ. ಈ ಸಲ ಮೂರನೇ ದಿನಕ್ಕೆ ನೀರು ಮತ್ತೆ ಕನ್ನಡಿಯಾಯಿತು. ಕಪ್ಪೆಮರಿ, ಬಸವನಹುಳು ಎಲ್ಲ ಸತ್ತವು. ನಾನು ಏರಿಯ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ. ಕುಂಬಳಕಾಯಿ ಗಾದೆ ನಿಮಗೆ ಬರೆದಿದ್ದೆನಲ್ಲ. ನನ್ನ ಹೆಗಲೇ ಬೂದಿಯಾಗಿತ್ತು.

ಹಾಗೆಂದು ನಿಮ್ಮ ಸಾಲು ಸರಿ ಎಂದು ಒಪ್ಪುವುದಿಲ್ಲ. ಮೊದಲಿಗಿಂತ ಈಗ ಹೆಚ್ಚು ಸಿಟ್ಟಿದೆ. ನಿರ್ಲಕ್ಷ್ಯ ಎಂದು ಬರೆದರೆ ಯಾರಿಗೆ ಏನು ತಿಳಿಯಿತು? ಆ ಹನ್ನೊಂದು ಮನೆಯವರೂ ಕೆರೆಯ ಏರಿಯ ಮೇಲೇ ಔಷಧಿ ಕಲಸುವುದು. ನಾಳೆ ಅವರು ಸ್ವಂತ ಖರ್ಚಿನಲ್ಲಿ ಮರಿ ಬಿಟ್ಟರೂ ಹೀಗೇ ಸಾಯುತ್ತವೆ. ನಿಜವಾದ ಕಾರಣ ಬರೆಯಿರಿ. ಡ್ರಮ್ಮು ಎಂದು ಬರೆಯಿರಿ, ಮೈಲುತುತ್ತ ಎಂದು ಬರೆಯಿರಿ, ಗಂಗಾಮಣಿ ಹೇಳಿದ್ದಕ್ಕೆ ಅಲ್ಲಿ ತೊಳೆದರು ಎಂದು ಬರೆಯಿರಿ. ಆ ಹಾಳು ಪದ ಮಾತ್ರ ಹೊಡೆದುಹಾಕಿ.

ನನ್ನ ತಪ್ಪು ಹೇಳಿಯಾಯಿತು. ಈಗಲಾದರೂ ಉತ್ತರ ಕೊಡಿ. ಮೈಲುತುತ್ತ ಬಿದ್ದ ನೀರು ನಿಮ್ಮ ಪರೀಕ್ಷೆಯಲ್ಲಿ ತೃಪ್ತಿಕರ ಆದದ್ದು ಹೇಗೆ?

ಗಂಗಾಮಣಿ


ಹೊಂಗಡಹಳ್ಳ
8 ನವೆಂಬರ್ 2024

ಮೇಡಂ,

ನನ್ನ ರಿಜಿಸ್ಟರ್ಡ್ ಪತ್ರ ಅಕ್ಟೋಬರ್ ಹದಿನೇಳಕ್ಕೇ ನಿಮಗೆ ತಲುಪಿದೆ ಎಂದು ಅಂಚೆಯವರು ಹೇಳುತ್ತಾರೆ. ಸಹಿಯೂ ನಿಮ್ಮದೇ. ನಾನು ಬಾಯಿ ಬಿಟ್ಟೆ, ನೀವು ಬಾಯಿ ಮುಚ್ಚಿಕೊಂಡಿರಿ. ಚೆನ್ನಾಗಿದೆ.

ಗಂಗಾಮಣಿ


25 ನವೆಂಬರ್ 2024

ಗಂಗಾಮಣಿ ಅಕ್ಕನವರಿಗೆ,

ನಿಮ್ಮ ಕೆರೆಗೆ ಯಾರೂ ಬಾಟಲಿ ಅದ್ದಲಿಲ್ಲ.

ಮರಿ ಬಿಡುವ ಮೊದಲು ಪ್ರತಿ ಕೆರೆಯ ನೀರು ಪರೀಕ್ಷೆ ಮಾಡಬೇಕೆಂಬುದು ನಿಯಮ. ಪಟ್ಟಿಯಲ್ಲಿ ತಾಮ್ರದ ಪರೀಕ್ಷೆಯೂ ಇದೆ. ಮೈಲುತುತ್ತದಲ್ಲಿ ಇರುವುದು ಆ ತಾಮ್ರವೇ. ಜೂನ್ ಎಂಟರಂದು ಅದಕ್ಕೆಂದೇ ಬಂದೆ. ಆಲೂರಿನ ಎರಡು ಕೆರೆ ಮುಗಿಸುವಷ್ಟರಲ್ಲಿ ಜೋರು ಮಳೆ. ನಿಮ್ಮ ರಸ್ತೆಗೆ ಮರ ಬಿದ್ದಿದೆ ಎಂದು ಡ್ರೈವರ್ ಹೇಳಿದರು. ಹಿಂದಕ್ಕೆ ಹೋದೆವು. ಮತ್ತೆ ಹತ್ತನೇ ತಾರೀಕು ಬಂದಾಗ ಚೀಲದೊಳಗೆ ಮರಿಗಳು ಮೇಲುಸಿರು ಬಿಡುತ್ತಿದ್ದವು. ಇವತ್ತೇ ಬಿಡಬೇಕು, ನಾಳೆ ಬೆಳಿಗ್ಗೆ ಫೋಟೊ ಬೇಕು ಎಂದು ಮೇಲಿನವರು ಎರಡು ಸಲ ಫೋನ್ ಮಾಡಿದ್ದರು. ಪರೀಕ್ಷೆಯ ಪೆಟ್ಟಿಗೆ ವ್ಯಾನಿನಲ್ಲೇ ಇತ್ತು, ಚೀಲಗಳ ಅಡಿಯಲ್ಲಿ. ತೆಗೆಯಲಿಲ್ಲ. ಒಂದೇ ಸೀಮೆ, ಒಂದೇ ಮಳೆ, ನೀರೂ ಒಂದೇ ಥರ ಇರುತ್ತದೆ ಎಂದುಕೊಂಡು ಆಲೂರಿನ ಅಂಕಿಗಳನ್ನೇ ನಿಮ್ಮ ಕೆರೆಯ ಹಾಳೆಯಲ್ಲಿ ಬರೆದೆ.

ನಾನು ಮೀನುಗಾರರ ಮನೆಯವಳು. ಸಮುದ್ರದ ಪಕ್ಕ ಹುಟ್ಟಿ ಬೆಳೆದವಳು. ಮೀನಿನ ವಿಷಯ ಯಾರು ಕೇಳಿದರೂ ಹೇಳುತ್ತೇನೆ. ಕಾಫಿಗೆ ಯಾವ ತಿಂಗಳಲ್ಲಿ ಏನು ಹೊಡೆಯುತ್ತಾರೆಂದು ಮಾತ್ರ ಗೊತ್ತಿರಲಿಲ್ಲ. ನಿಮ್ಮನ್ನು ಕೇಳಬೇಕೆಂದೂ ಹೊಳೆಯಲಿಲ್ಲ. ಬಾಟಲಿ ಅದ್ದಿದ್ದರೆ ಆ ನೀರೇ ಹೇಳುತ್ತಿತ್ತು.

ಇನ್ನೂ ಒಂದು ಇದೆ. ವರದಿಯ ಆ ಪದವನ್ನು ಬರೆದದ್ದು ಮೇಲಿನವರಲ್ಲ, ನಾನು. ಎಲ್ಲೋ ನಿರ್ಲಕ್ಷ್ಯ ಆಗಿದೆಯೆಂದು ನನಗೆ ಗೊತ್ತಿತ್ತು. ಯಾರದೆಂದು ಬರೆಯುವಾಗ ನಿಮ್ಮದೆಂದು ಬರೆಯುವುದು ಸುಲಭವಾಯಿತು.

ನನ್ನದು ಮಾರ್ಚ್‌ವರೆಗಿನ ಗುತ್ತಿಗೆಯ ಕೆಲಸ. ಇದು ಹೊರಗೆ ಬಂದರೆ ಮುಂದುವರಿಯುವುದಿಲ್ಲ. ಈ ಪತ್ರ ಈಗ ನಿಮ್ಮ ಕೈಯಲ್ಲಿದೆ. ನೀವು ಏನು ಮಾಡಿದರೂ ನಾನು ಇಲ್ಲವೆನ್ನುವುದಿಲ್ಲ.

ಕೃತಿಕಾ


ಹೊಂಗಡಹಳ್ಳ
4 ಡಿಸೆಂಬರ್ 2024

ಕೃತಿಕಾ ಮೇಡಂ,

ನಿಮ್ಮ ಪತ್ರ ಓದಿ ಎರಡು ದಿನ ಅಡುಗೆ ಮನೆಯಲ್ಲಿ ಪಾತ್ರೆ ಕುಕ್ಕಿದ್ದೇನೆ. ಮೂರನೇ ದಿನ ಅತ್ತೆ ಕೇಳಿದರು. ಪತ್ರ ಓದಿ ಹೇಳಿದೆ. ಅವರಿಗೆ ಅರ್ಧ ಅರ್ಥವಾಯಿತು, ಆದರೆ ಬೇಕಾದ ಅರ್ಧವೇ ಅರ್ಥವಾಯಿತು.

"ಆ ಹೆಣ್ಮಗಳು ನಿನ್ ಹತ್ರ ಯಾಕಮ್ಮಿ ಅಳ್ತಾವ್ಳೆ? ನಿನ್ ಹೆಸ್ರು ಕೆಡ್ಸಿದ್ದು ಪಂಚಾಯ್ತೀಲಿ. ಅಲ್ಲೇ ಬಂದು ಯೋಳ್ಲಿ."

ಅದನ್ನೇ ನಾನೂ ಹೇಳುವುದು. ನನ್ನ ಹೆಸರು ಹಾಳು ಮಾಡಿದ್ದು ಅಚ್ಚಾದ ಹಾಳೆಯಲ್ಲಿ, ಊರವರೆದುರು. ತಪ್ಪೊಪ್ಪಿಗೆ ಮಾತ್ರ ನನ್ನೊಬ್ಬಳ ಕಿವಿಗೆ, ಗುಟ್ಟಾಗಿ. ಅಳುವಷ್ಟು ಅತ್ತು ಹಗುರಾಗಿ, ಹೊರೆಯನ್ನು ನನ್ನ ತಲೆಗೆ ಇಟ್ಟಿದ್ದೀರಿ. ಈ ಪತ್ರವನ್ನು ನಾನು ಆಫೀಸಿಗೆ ಕೊಟ್ಟರೆ ನಿಮ್ಮ ಅನ್ನ ಕಿತ್ತವಳು ನಾನಾಗಬೇಕು. ಕೊಡದಿದ್ದರೆ ನಿರ್ಲಕ್ಷ್ಯದವಳು ನಾನಾಗಿಯೇ ಇರಬೇಕು. ಎರಡಕ್ಕೂ ನಾನೇ ಬೇಕೇ? ಎಂಥ ನ್ಯಾಯ ಇದು!

ನಿಮ್ಮ ಪತ್ರವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ನಂಬುವುದಾದರೆ ನಂಬಿ. ಅದರ ವಿಳಾಸ ತಪ್ಪಿತ್ತು. ಯಾರಿಗೆ ಬರೆಯಬೇಕಿತ್ತೆಂದು ನಿಮಗೇ ಗೊತ್ತು.

ನಿನ್ನೆ ಸಕಲೇಶಪುರದ ಮೀನುಗಾರಿಕೆ ಆಫೀಸಿಗೆ ಹೋಗಿ ನನ್ನ ಹೇಳಿಕೆ ಕೊಟ್ಟು ಬಂದಿದ್ದೇನೆ. ಡ್ರಮ್ಮಿನದು, ಬಸವನಹುಳು ಗುಡಿಸಿದ್ದು, ಎಲ್ಲ ಬರೆದಿದ್ದೇನೆ. ಇನ್‌ವರ್ಡ್ ನಂಬರ್ ಸಿಕ್ಕಿದೆ. ನಿಮ್ಮ ಹೆಸರು ಅದರಲ್ಲಿ ಎಲ್ಲೂ ಇಲ್ಲ. ನನ್ನ ತಪ್ಪಿಗೆ ನಾನು ಸಹಿ ಹಾಕಿದ್ದೇನೆ. ನಿಮ್ಮದಕ್ಕೆ ನೀವು ಹಾಕಿ.

ಗಂಗಾಮಣಿ


20 ಮಾರ್ಚ್ 2025

ಗಂಗಾಮಣಿ ಅಕ್ಕನವರಿಗೆ,

ತಿದ್ದಿದ ಹದಿನೇಳನೇ ಪುಟ ಇದರೊಂದಿಗಿದೆ. ಈಗ ಅಲ್ಲಿರುವ ಸಾಲು ಇದು:

"ಬೋರ್ಡೊ ದ್ರಾವಣದ ಡ್ರಮ್‌ಗಳನ್ನು ಕೆರೆಯಲ್ಲಿ ತೊಳೆದದ್ದರಿಂದ ಮರಿಗಳು ಸತ್ತಿರುವ ಸಂಭವ ಹೆಚ್ಚು. ಬಿತ್ತನೆಗೆ ಮುಂಚೆ ಈ ಕೆರೆಯ ನೀರನ್ನು ಪರೀಕ್ಷಿಸಿರಲಿಲ್ಲ. ವರದಿಯಲ್ಲಿದ್ದ ಅಂಕಿಗಳು ಬೇರೆ ಕೆರೆಯವು. ಕಾರಣವನ್ನು ರೈತ ಮಹಿಳೆಯೇ ಪತ್ತೆ ಮಾಡಿದರು. ಕಾಫಿ ಸೀಮೆಯಲ್ಲಿ ಔಷಧಿ ಸಿಂಪಡಣೆಯ ದಿನಗಳನ್ನು ಕೇಳಿ ತಿಳಿದು, ನೀರು ಪರೀಕ್ಷಿಸಿದ ಮೇಲಷ್ಟೇ ಮರಿ ಬಿಡತಕ್ಕದ್ದು."

ಇದನ್ನು ಪಂಚಾಯಿತಿಗೂ ಕಳಿಸಲಾಗಿದೆ. ಅಲ್ಲಿ ಓದಬೇಕೆಂದು ನಾನೇ ಬರೆದು ಕೇಳಿಕೊಂಡಿದ್ದೇನೆ. ಹನ್ನೊಂದು ಅರ್ಜಿಗಳನ್ನು ಮತ್ತೆ ಪರಿಶೀಲನೆಗೆ ತೆಗೆದುಕೊಂಡಿದ್ದಾರೆ.

ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ತಿಂಗಳ ಕೊನೆಗೆ ಊರಿಗೆ ಹೋಗುತ್ತೇನೆ. ಮನೆಯ ವಿಳಾಸ ಹಿಂದೆ ಬರೆದಿದ್ದೇನೆ. ಉತ್ತರ ಬರೆಯಬೇಕೆಂದೇನೂ ಇಲ್ಲ.

ಕೃತಿಕಾ


ಹೊಂಗಡಹಳ್ಳ
2 ಮೇ 2025

ಕೃತಿಕಾ,

ಇನ್ನು ಮೇಡಂ ಎನ್ನುವುದಿಲ್ಲ. ನೀನು ನನ್ನ ಕಿರಿ ತಂಗಿಗಿಂತ ಚಿಕ್ಕವಳು. ಕೆಲಸ ಇರುವ ತನಕ ಆ ಮರ್ಯಾದೆ ಕೊಟ್ಟೆ, ಸಾಕು.

ಪುಟ ಹದಿನೇಳು ಓದಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅದರಲ್ಲೂ ನನಗೆ ಒಂದು ತಕರಾರಿದೆ. ತಪ್ಪು ಹೊರಿಸುವಾಗಲೂ "ರೈತ ಮಹಿಳೆ", ಪತ್ತೆ ಮಾಡಿದ್ದಕ್ಕೂ "ರೈತ ಮಹಿಳೆ". ನನಗೆ ಹೆಸರಿಲ್ಲವೇ? ಇನ್ನು ತಿದ್ದಿಸಲು ನೀನು ಅಲ್ಲಿಲ್ಲ. ಹಾಳಾಗಿ ಹೋಗಲಿ.

ಹನ್ನೊಂದರಲ್ಲಿ ಎಂಟು ಮನೆಯವರು ಔಷಧಿ ಕಲಸುವ ಜಾಗವನ್ನು ಕೆರೆಯಿಂದ ದೂರಕ್ಕೆ ಸಾಗಿಸಿದ್ದಾರೆ. ಮೂವರು, "ಮೀನಿಗೋಸ್ಕರ ಮೇಲಿನ್ ತನಕ ನೀರು ಹೊರಾಕಾಗ್ತದಾ ಮಾರಾಯ್ತಿ?" ಎಂದು ನನ್ನ ಮುಖಕ್ಕೇ ಹೇಳಿದರು. ಅವರ ಜೊತೆ ಜಗಳ ನಡೆದಿದೆ. ನನ್ನ ಡ್ರಮ್ಮು ರಸ್ತೆಯ ಪಕ್ಕ ಹೋಗಿದೆ. ಪುಟ್ಟಸ್ವಾಮಿ ದಿನಾ ಗೊಣಗುತ್ತಾನೆ, ಆದರೂ ಹೊರುತ್ತಾನೆ. ಬೇಸಿಗೆಯಲ್ಲಿ ಕೆರೆ ಪೂರ್ತಿ ಖಾಲಿ ಮಾಡಿಸಿ, ನೀಲಿ ಹಿಡಿದ ಕೆಸರು ತೆಗೆಸಿ, ಹೊಸ ನೀರು ತುಂಬಿಸಿದೆ. ಈಗ ನೀರು ತುಸು ಹಸಿರಾಗಿದೆ. ಅತ್ತೆ ಅದನ್ನು ನೋಡಿ ಪಾಚಿ ಕಟ್ಟಿದೆ ಎಂದು ಬೈದರು. ಅವರು ಬೈದದ್ದು ಕೇಳಿ ಎಷ್ಟು ಸಂತೋಷವಾಯಿತೆಂದು ನಿನಗೆ ಹೇಗೆ ಹೇಳಲಿ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುವ ಲಕ್ಷಣವೂ ಇಲ್ಲ. ಸಿಟ್ಟಿರುವವರ ಮನೆಗೂ ನೆಂಟರು ಬರುತ್ತಾರೆ. ಜೂನಿನಲ್ಲಿ ಮರಿ ಬಿಡುವ ದಿನ ನೀನು ಇಲ್ಲಿರಬೇಕು. ಊಟಕ್ಕೆ ಮೀನು ಮಾತ್ರ ಕೇಳಬೇಡ.

ಅದಕ್ಕೆ ಮೊದಲು ಒಂದು ಕೆಲಸ. ಈ ಪತ್ರದ ಜೊತೆ ಬಸ್ಸಿನ ಪಾರ್ಸಲ್‌ನಲ್ಲಿ ಒಂದು ಬಾಟಲಿ ಬರುತ್ತದೆ. ಕೆರೆಯ ನೀರು. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಾನೇ ಅದ್ದಿದೆ. ಅತ್ತೆ ಬಾಟಲಿ ಮುಟ್ಟಲಿಲ್ಲ. ಆದರೆ ಏರಿಯ ಮೇಲೆ ನಿಂತು ಕಣ್ಣಾರೆ ನೋಡಿದರು, ಸಾಕ್ಷಿಗೆಂದು ಚೀಟಿಯ ಮೇಲೆ ಬಸಮ್ಮ ಎಂದು ಸಹಿಯನ್ನೂ ಹಾಕಿದರು. ಯಾವ ಲ್ಯಾಬಿನಲ್ಲಿ ಮಾಡಿಸುತ್ತೀಯೋ, ಯಾರ ಕೈಕಾಲು ಹಿಡಿಯುತ್ತೀಯೋ ನನಗೆ ಗೊತ್ತಿಲ್ಲ. ಪರೀಕ್ಷೆ ಆಗಬೇಕು.

ಚೀಟಿಯಲ್ಲಿ ತಾರೀಕು, ಹೊತ್ತು, ಕೆರೆಯ ಹೆಸರು, ನನ್ನ ಹೆಸರು ಎಲ್ಲ ಬರೆದಿದ್ದೇನೆ. ಅಂಕಿಯ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನು ನೋಡಿ ಬರೆ.

ಗಂಗಾಮಣಿ